ಬಿಸಿನೀರಿನ ಶಾಖ ಎತ್ತ ಹೋಗುತ್ತದೆ? ನೀವೇ ಪ್ರಯೋಗ ರೂಪಿಸಿ ಕಂಡುಕೊಳ್ಳಿ

ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಅಲ್ಯೂಮಿನಿಯಂ ತಟ್ಟೆಯನ್ನೂ ಮರದ ಹಲಗೆಯನ್ನೂ ಮುಟ್ಟಿ ನೋಡಿ. ತಟ್ಟೆ ತಣ್ಣಗೆ ಅನಿಸುತ್ತದೆ, ಹಲಗೆ ಅಷ್ಟಿಲ್ಲ. ಈಗ ಎರಡರ ಮೇಲೂ ಒಂದೇ ಗಾತ್ರದ ಐಸ್ ತುಂಡು ಇಡಿ. ತಣ್ಣಗಿರುವ ತಟ್ಟೆಯ ಮೇಲೆ ಐಸ್ ಜಾಸ್ತಿ ಹೊತ್ತು ಉಳಿಯಬೇಕು ಅಲ್ವಾ? ಆಗುವುದು ಉಲ್ಟಾ. ತಟ್ಟೆಯ ಮೇಲಿನ ಐಸ್ ನೋಡನೋಡುತ್ತಲೇ ನೀರಾಗುತ್ತದೆ. ಹಲಗೆಯ ಮೇಲಿನದು ಇನ್ನೂ ಗಟ್ಟಿಯಾಗಿ ಕೂತಿರುತ್ತದೆ.

ಐಸ್ ಇಡುವ ಮೊದಲು ಥರ್ಮಾಮೀಟರಿನಲ್ಲಿ ಅಳೆದರೆ ತಟ್ಟೆ, ಹಲಗೆ ಎರಡರ ತಾಪಮಾನವೂ ಕೋಣೆಯಷ್ಟೇ ಇರುತ್ತದೆ. ಕೈಗೆ ಗೊತ್ತಾಗುವುದು ಕೈಯಿಂದ ಶಾಖ ಎಷ್ಟು ಬೇಗ ಹೋಗುತ್ತಿದೆ ಅನ್ನುವುದು ಮಾತ್ರ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ. ನಿಮ್ಮ ಕೈಯಿಂದ ಬೇಗ ಎಳೆದುಕೊಳ್ಳುತ್ತದೆ, ಐಸಿಗೆ ಬೇಗ ಕೊಡುತ್ತದೆ.

ಶಾಖದ ವಿಷಯದಲ್ಲಿ ನಮ್ಮ ಅಂದಾಜು ಹೀಗೆ ಸುಲಭವಾಗಿ ತಪ್ಪುತ್ತದೆ. ಹಾಗಾಗಿಯೇ ಪ್ರಯೋಗ ರೂಪಿಸುವುದನ್ನು ಕಲಿಯಲು ಇದು ತುಂಬಾ ಒಳ್ಳೆಯ ವಿಷಯ. ಬೇಕಾಗುವುದು ಬಿಸಿನೀರು, ಲೋಟ, ಥರ್ಮಾಮೀಟರ್, ಗಡಿಯಾರ, ಒಂದು ನೋಟ್‌ಬುಕ್. ಪ್ರಯೋಗದ ಮುಕ್ಕಾಲು ಕೆಲಸ ನೀರು ಕಾಯಿಸುವ ಮೊದಲೇ ಮುಗಿದಿರಬೇಕು ಅನ್ನುವುದು ನನ್ನ ನಂಬಿಕೆ. ಶಾಖ ಯಾವ ಯಾವ ದಾರಿಯಲ್ಲಿ ಹೋಗಬಹುದು ಅಂತ ಮೊದಲೇ ಬರೆದುಕೊಂಡರೆ, ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಾಗದಂತೆ ಹಿಡಿದಿಡಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಮೊದಲ ಕೆಲಸ: ಶಾಖದ ದಾರಿಗಳನ್ನು ಬರೆದುಕೊಳ್ಳಿ

ಮೇಜಿನ ಮೇಲೆ ಒಂದು ಲೋಟ ಬಿಸಿನೀರು ಇದೆ. ಅದರ ಶಾಖ ಹೊರಗೆ ಹೋಗುವುದು ಹೇಗೆ?

ವಹನ: ನೀರಿನಿಂದ ಲೋಟದ ಗೋಡೆಗೆ, ಗೋಡೆಯ ಮೂಲಕ ಹೊರಮೈಗೆ, ತಳದಿಂದ ಮೇಜಿಗೆ. ಒಂದಕ್ಕೊಂದು ತಾಗಿರುವ ಕಣಗಳು ಶಾಖವನ್ನು ಕೈ ಬದಲಾಯಿಸುತ್ತಾ ಹೋಗುತ್ತವೆ, ಕಣಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಸಂವಹನ: ಲೋಟದ ಸುತ್ತಲಿನ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ತಣ್ಣನೆ ಗಾಳಿ ಬರುತ್ತದೆ. ಫ್ಯಾನ್ ಹಾಕಿದರೆ ಈ ಕೆಲಸ ಇನ್ನೂ ಬಿರುಸಾಗುತ್ತದೆ.

ವಿಕಿರಣ: ಬಿಸಿಯಾದ ಮೈ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಿಡುತ್ತಿರುತ್ತದೆ. ಇದಕ್ಕೆ ನಡುವೆ ಗಾಳಿಯೂ ಬೇಕಿಲ್ಲ.

ಶಾಲೆಯ ಪುಸ್ತಕಗಳಲ್ಲಿ ಪಟ್ಟಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ತೆರೆದ ಲೋಟಕ್ಕೆ ನಾಲ್ಕನೇ ದಾರಿಯೂ ಇದೆ. ಅದು ಆವಿ. ನೀರು ಆವಿಯಾಗಿ ಹಾರುವಾಗ ತುಂಬಾ ಶಾಖವನ್ನು ಜೊತೆಗೇ ಹೊತ್ತೊಯ್ಯುತ್ತದೆ. ಈ ಒಂದು ದಾರಿಯನ್ನು ಮರೆತದ್ದರಿಂದ ದಿಕ್ಕು ತಪ್ಪಿದ ಪ್ರಯೋಗಗಳು ಬಹಳ. ಅದರ ಲೆಕ್ಕವನ್ನು ಮುಂದೆ ಮಾಡೋಣ.

ಪ್ರಶ್ನೆಯನ್ನು ಅಳೆಯುವಂತೆ ಕೇಳಿ

‘ಬಟ್ಟೆ ಸುತ್ತಿದರೆ ನೀರು ಬಿಸಿಯಾಗಿರುತ್ತದಾ?’ ಅನ್ನುವುದು ಆಸೆಯ ಪ್ರಶ್ನೆ. ಉತ್ತರ ಹೌದು ಅಂತ ಎಲ್ಲರಿಗೂ ಗೊತ್ತು. ಹೀಗೆ ಕೇಳಿ: ‘200 ಮಿಲಿಲೀಟರ್ ನೀರು 75 ಡಿಗ್ರಿ ಸೆಲ್ಸಿಯಸ್‌ನಿಂದ 55ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕು? ಲೋಟಕ್ಕೆ ಸುತ್ತಿದ ಬಟ್ಟೆಯ ಪದರಗಳು 0, 1, 2, 4 ಆದಂತೆ ಆ ಸಮಯ ಹೇಗೆ ಬದಲಾಗುತ್ತದೆ?’ ಇದರಲ್ಲಿ ಏನನ್ನು ಬದಲಿಸುತ್ತೀರಿ, ಏನನ್ನು ಅಳೆಯುತ್ತೀರಿ ಎರಡೂ ಇವೆ.

ಈಗ ನಿಮ್ಮ ಊಹೆಯನ್ನು ಕಾರಣದ ಸಮೇತ ಬರೆಯಿರಿ. ‘ಪದರ ಎರಡು ಪಟ್ಟಾದರೆ ಸಮಯವೂ ಎರಡು ಪಟ್ಟಾಗುತ್ತದೆ, ಯಾಕೆಂದರೆ…’ ಅಂತಲೋ, ‘ಮೊದಲ ಪದರದಿಂದ ಆಗುವಷ್ಟು ಲಾಭ ಎರಡನೆಯದರಿಂದ ಆಗುವುದಿಲ್ಲ, ಯಾಕೆಂದರೆ…’ ಅಂತಲೋ. ತಪ್ಪಾದರೂ ಚಿಂತೆ ಇಲ್ಲ, ಪೆನ್ನಿನಲ್ಲೇ ಬರೆಯಿರಿ. ಫಲಿತಾಂಶ ಬಂದ ಮೇಲೆ ‘ನಾನು ಅಂದುಕೊಂಡಿದ್ದೂ ಇದೇ’ ಅನಿಸುವುದು ಮನಸ್ಸಿನ ಸಹಜ ಗುಣ. ಮೊದಲೇ ಬರೆದಿಟ್ಟ ಸಾಲು ಅದಕ್ಕೆ ಅವಕಾಶ ಕೊಡುವುದಿಲ್ಲ.

ಒಂದನ್ನು ಬದಲಿಸಿ, ಮಿಕ್ಕಿದ್ದನ್ನು ಹಿಡಿದಿಡಿ

ನೀವು ಬೇಕಂತಲೇ ಬದಲಿಸುವುದು ಸ್ವತಂತ್ರ ಚರ. ಇಲ್ಲಿ ಅದು ಪದರಗಳ ಸಂಖ್ಯೆ. ಅಳೆಯುವುದು ಅವಲಂಬಿತ ಚರ. ಇಲ್ಲಿ ಅದು ತಣಿಯಲು ಹಿಡಿದ ಸಮಯ. ಉಳಿದದ್ದೆಲ್ಲ ಸ್ಥಿರವಾಗಿರಬೇಕು. ಆ ‘ಉಳಿದದ್ದೆಲ್ಲ’ ಏನು ಅಂತ ಕಂಡುಹಿಡಿಯಲು ಶಾಖದ ದಾರಿಗಳ ಪಟ್ಟಿಗೇ ಮರಳಿ.

ವಹನದ ದಾರಿ ನೋಡಿದರೆ ಲೋಟಗಳ ವಸ್ತು, ದಪ್ಪ, ಆಕಾರ ಒಂದೇ ಆಗಿರಬೇಕು. ಕೆಳಗಿನ ಮೇಜೂ ಒಂದೇ ಇರಬೇಕು. ಒಂದು ಲೋಟ ಕಲ್ಲಿನ ಮೇಲೆ, ಇನ್ನೊಂದು ಪುಸ್ತಕದ ಮೇಲೆ ಇದ್ದರೆ ಹೋಲಿಕೆ ಕೆಟ್ಟಂತೆಯೇ. ಸಂವಹನದ ದಾರಿ ನೋಡಿದರೆ ಫ್ಯಾನ್ ಬಂದ್ ಆಗಿರಬೇಕು, ಕಿಟಕಿಯಿಂದ ದೂರ ಇರಬೇಕು, ಲೋಟಗಳ ನಡುವೆ ಒಂದು ಗೇಣಾದರೂ ಜಾಗ ಇರಬೇಕು. ವಿಕಿರಣದ ದಾರಿ ನೋಡಿದರೆ ಬಿಸಿಲು ಬೀಳಬಾರದು, ಎಲ್ಲ ಪದರಗಳಿಗೂ ಒಂದೇ ಬಟ್ಟೆ, ಒಂದೇ ಬಣ್ಣ. ಆವಿಯ ದಾರಿ ನೋಡಿದರೆ ಎಲ್ಲ ಲೋಟಕ್ಕೂ ಒಂದೇ ಬಗೆಯ ಮುಚ್ಚಳ ಇರಬೇಕು. ರಟ್ಟಿನ ಮುಚ್ಚಳ ಸಾಕು. ಥರ್ಮಾಮೀಟರ್ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ.

ಬಟ್ಟೆ ಸುತ್ತದ ಲೋಟವೂ ಇರಲೇಬೇಕು. ಅದು ಹೋಲಿಕೆಯ ಲೋಟ. ಬಟ್ಟೆ ಎಷ್ಟು ಕೆಲಸ ಮಾಡಿತು ಅಂತ ಹೇಳಬೇಕಾದರೆ ಬಟ್ಟೆ ಇಲ್ಲದಾಗ ಏನಾಗುತ್ತದೆ ಅಂತ ಗೊತ್ತಿರಬೇಕಲ್ಲ.

ಥರ್ಮಾಮೀಟರನ್ನು ಪರೀಕ್ಷಿಸಿ

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬೇಡವೇ ಬೇಡ. ಅದು ಸುಮಾರು 42 ಡಿಗ್ರಿವರೆಗಷ್ಟೇ ಅಳೆಯುತ್ತದೆ. ಗಾಜಿನದಾದರೆ ಬಿಸಿನೀರಿನಲ್ಲಿ ಒಡೆಯಲೂಬಹುದು. 100 ಡಿಗ್ರಿ ದಾಟಿ ಅಳೆಯುವ ಪ್ರಯೋಗಾಲಯದ ಆಲ್ಕೋಹಾಲ್ ಥರ್ಮಾಮೀಟರ್ ಅಥವಾ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ. ಪಾದರಸದ್ದು ಬೇಡ.

ಐಸನ್ನು ಚೆನ್ನಾಗಿ ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ, ಕದಡಿ, ಥರ್ಮಾಮೀಟರ್ ಮುಳುಗಿಸಿ. 0 ಡಿಗ್ರಿ ತೋರಿಸಬೇಕು. 1 ತೋರಿಸಿದರೆ ಎಸೆಯಬೇಕಿಲ್ಲ, ಆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಕುದಿಯುವ ನೀರಿನಲ್ಲಿ ಪರೀಕ್ಷಿಸುವುದಾದರೆ ನೀವಿರುವ ಎತ್ತರವನ್ನು ಗಮನಿಸಿ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕಡಿಮೆಯಾಗುತ್ತದೆ. ಎರಡು ಥರ್ಮಾಮೀಟರ್ ಬಳಸುತ್ತಿದ್ದರೆ ಎರಡನ್ನೂ ಒಂದೇ ಲೋಟದಲ್ಲಿ ಇಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿ.

ಏನೂ ಬದಲಿಸದೆ ಒಮ್ಮೆ ಮಾಡಿ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಎರಡು ಲೋಟ ತೆಗೆದುಕೊಳ್ಳಿ. ಯಾವುದಕ್ಕೂ ಬಟ್ಟೆ ಸುತ್ತಬೇಡಿ. ಎರಡಕ್ಕೂ ಒಂದೇ ಅಳತೆಯ ಬಿಸಿನೀರು ಹಾಕಿ, ಎರಡೂ ತಣಿಯುವುದನ್ನು ಅಳೆಯಿರಿ. ಬದಲಾವಣೆ ಏನೂ ಇಲ್ಲ, ಹಾಗಾಗಿ ಎರಡರ ಸಮಯವೂ ಒಂದೇ ಬರಬೇಕು. ಬರದಿದ್ದರೆ ನಿಮಗೆ ಗೊತ್ತಿಲ್ಲದ ಏನೋ ಒಂದು ಒಳಗೆ ನುಸುಳಿದೆ ಅಂತ ಅರ್ಥ. ಮುಚ್ಚಳ ಸಡಿಲ ಇರಬಹುದು, ಒಂದು ಲೋಟದ ತಳ ದಪ್ಪ ಇರಬಹುದು, ಬಾಗಿಲ ಕಡೆಯಿಂದ ಗಾಳಿ ಬೀಸುತ್ತಿರಬಹುದು. ಲೋಟಗಳ ಜಾಗ ಅದಲು ಬದಲು ಮಾಡಿ ಮತ್ತೆ ನೋಡಿ. ವ್ಯತ್ಯಾಸ ಲೋಟದ ಜೊತೆ ಹೋದರೆ ತಪ್ಪು ಲೋಟದ್ದು. ಜಾಗದಲ್ಲೇ ಉಳಿದರೆ ತಪ್ಪು ಜಾಗದ್ದು.

ಇದರಿಂದ ಇನ್ನೊಂದು ಲಾಭ ಇದೆ. ಎಷ್ಟು ಹುಷಾರಾಗಿದ್ದರೂ ಎರಡು ಲೋಟದ ನಡುವೆ ಉಳಿಯುವ ಸಣ್ಣ ವ್ಯತ್ಯಾಸ ಇಲ್ಲೇ ಕಂಡುಬಿಡುತ್ತದೆ. ಮುಂದೆ ಬಟ್ಟೆಯಿಂದಾದ ವ್ಯತ್ಯಾಸ ಅದಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಬಟ್ಟೆಯ ಲೆಕ್ಕಕ್ಕೆ ಬರೆಯುವಂತಿಲ್ಲ.

ಈಗ ನೀರು ಕಾಯಿಸಿ

ಮಕ್ಕಳು ಮಾಡುವುದಾದರೆ ಬಿಸಿನೀರು ಸುರಿಯುವ ಕೆಲಸ ದೊಡ್ಡವರದ್ದು. ಲೋಟಗಳು ಮೇಜಿನ ಅಂಚಿನಲ್ಲಿ ಬೇಡ. ಮೊದಲು ಕೋಣೆಯ ತಾಪಮಾನ ಬರೆಯಿರಿ. ಆಮೇಲೆ 200 ಮಿಲಿಲೀಟರ್ ಬಿಸಿನೀರು ಅಳೆದು ಸುರಿದು ಮುಚ್ಚಳ ಹಾಕಿ.

ಗಡಿಯಾರ ಯಾವಾಗ ಶುರು ಮಾಡಬೇಕು? ಸುರಿದ ಕೂಡಲೇ ಬೇಡ. ತಣ್ಣನೆ ಲೋಟ ಮೊದಲ ಒಂದೆರಡು ನಿಮಿಷ ನೀರಿನಿಂದ ಶಾಖ ಹೀರಿಕೊಂಡು ತಾನು ಬಿಸಿಯಾಗುತ್ತದೆ. ಆ ಇಳಿಕೆಗೂ ಬಟ್ಟೆಗೂ ಸಂಬಂಧ ಕಡಿಮೆ. ಅದೂ ಅಲ್ಲದೆ ಪ್ರತಿ ಸಲ ಸುರಿಯುವಾಗ ನೀರು ಒಂದೇ ಬಿಸಿ ಇರುವುದಿಲ್ಲ. ಆದ್ದರಿಂದ ನೀರನ್ನು 80 ಡಿಗ್ರಿ ದಾಟಿರುವಾಗಲೇ ಸುರಿದು ಕಾಯಿರಿ. ಥರ್ಮಾಮೀಟರ್ ಸರಿಯಾಗಿ 75ಕ್ಕೆ ಬಂದಾಗ ಗಡಿಯಾರ ಶುರು ಮಾಡಿ. ಹೀಗೆ ಮಾಡಿದರೆ ಎಲ್ಲ ಲೋಟಗಳಿಗೂ ಆರಂಭದ ಗೆರೆ ಒಂದೇ.

ಈ ಉಪಾಯ ಹಳೆಯದು. ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ ಉಣ್ಣೆ, ರೇಷ್ಮೆ, ಹತ್ತಿ, ತುಪ್ಪಳಗಳು ಶಾಖವನ್ನು ಹೇಗೆ ತಡೆಯುತ್ತವೆ ಅಂತ ಪರೀಕ್ಷಿಸಿದ. ಥರ್ಮಾಮೀಟರಿನ ಸುತ್ತ ಅವನ್ನು ತುಂಬಿ, ಕುದಿಯುವ ನೀರಿನಲ್ಲಿ ಬಿಸಿ ಮಾಡಿ, ಐಸ್ ನೀರಿಗೆ ಇಳಿಸಿ, ಗುರುತು ಮಾಡಿದ ಎರಡು ಅಂಕಿಗಳ ನಡುವೆ ಇಳಿಯಲು ಹಿಡಿದ ಸಮಯವನ್ನು ಎಣಿಸಿದ. 1792ರಲ್ಲಿ ಅದನ್ನು ಪ್ರಕಟಿಸಿದ. ಬಟ್ಟೆಯ ಎಳೆಗಳಿಗಿಂತ ಅವುಗಳ ನಡುವೆ ಸಿಕ್ಕಿಕೊಂಡ ಗಾಳಿ ಮುಖ್ಯ ಅನ್ನುವುದು ಅವನಿಗೆ ಹೊಳೆದದ್ದು ಈ ಪ್ರಯೋಗಗಳಿಂದ. ನಿಂತ ಗಾಳಿ ನೀರಿಗೆ ಹೋಲಿಸಿದರೆ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ ಶಾಖ ಸಾಗಿಸುತ್ತದೆ. ಆದ್ದರಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದು ಸುತ್ತುವುದಕ್ಕೂ ಸಡಿಲವಾಗಿ ಸುತ್ತುವುದಕ್ಕೂ ಫಲಿತಾಂಶ ಬೇರೆ ಬರಬಹುದು. ಎಲ್ಲ ಪದರಗಳನ್ನೂ ಒಂದೇ ಹದದಲ್ಲಿ ಸುತ್ತಿ. ನೀರು ಚೆಲ್ಲಿ ಬಟ್ಟೆ ಒದ್ದೆಯಾದರೆ ಆ ಸರದಿಯನ್ನು ಕೈಬಿಟ್ಟು ಒಣ ಬಟ್ಟೆಯಲ್ಲಿ ಮತ್ತೆ ಮಾಡಿ.

ಪ್ರತಿ 2 ನಿಮಿಷಕ್ಕೊಮ್ಮೆ ಅಂಕಿ ಬರೆಯಿರಿ. ಓದುವ ಮೊದಲು ಥರ್ಮಾಮೀಟರಿನಿಂದಲೇ ಎರಡು ಸುತ್ತು ಮೆಲ್ಲಗೆ ಕದಡಿ. ಯಾಕೆಂದರೆ ಬಿಸಿನೀರು ಮೇಲೆ, ತಣಿದದ್ದು ಕೆಳಗೆ ನಿಲ್ಲುತ್ತದೆ. ಗಾಜಿನ ಕಡ್ಡಿಯಾದರೆ ತಳಕ್ಕೆ ಬಡಿಯದಂತೆ ನೋಡಿಕೊಳ್ಳಿ. ಥರ್ಮಾಮೀಟರಿನ ತುದಿಯ ಬುರುಡೆ, ಲೋಟದ ಗೋಡೆಗೂ ತಳಕ್ಕೂ ತಾಗದೆ ನಡುನೀರಿನಲ್ಲಿರಲಿ. ಗಾಜಿನ ಥರ್ಮಾಮೀಟರನ್ನು ಓದುವಾಗ ಕಣ್ಣು ದ್ರವದ ತುದಿಯ ಮಟ್ಟಕ್ಕೇ ಇರಬೇಕು. ನಿಂತು ಮೇಲಿನಿಂದ ನೋಡಿದರೆ ಒಂದು ಅಂಕಿ, ಬಗ್ಗಿ ನೋಡಿದರೆ ಇನ್ನೊಂದು ಅಂಕಿ ಕಾಣುತ್ತದೆ. ಓದಲೆಂದು ಥರ್ಮಾಮೀಟರನ್ನು ನೀರಿನಿಂದ ಹೊರಗೆ ತೆಗೆಯಬೇಡಿ.

ಮೂರು ಸಲವಾದರೂ, ಕಲಸಿದ ಕ್ರಮದಲ್ಲಿ

ಒಂದೇ ಸಲ ಮಾಡಿ ಬಂದ ಅಂಕಿಯನ್ನು ನಂಬುವುದು ಕಷ್ಟ. ಪ್ರತಿ ಬಗೆಯನ್ನೂ ಮೂರು ಸಲವಾದರೂ ಮಾಡಿ. ಬೆಳಿಗ್ಗೆಯೆಲ್ಲ ಒಂದು ಪದರ, ಮಧ್ಯಾಹ್ನವೆಲ್ಲ ಎರಡು ಪದರ ಅಂತ ಮಾತ್ರ ಮಾಡಬೇಡಿ. ಮಧ್ಯಾಹ್ನ ಕೋಣೆಯೇ ಬಿಸಿಯಾಗಿರುತ್ತದೆ. ಆಗ ನೀರು ನಿಧಾನವಾಗಿ ತಣಿದರೆ ಅದು ಬಟ್ಟೆಯಿಂದಲೋ ಹೊತ್ತಿನಿಂದಲೋ ಗೊತ್ತಾಗುವುದಿಲ್ಲ. ಚೀಟಿ ಎತ್ತಿ ಕ್ರಮ ನಿರ್ಧರಿಸಿ.

ಒಂದು ಪದರಕ್ಕೆ 31, 34, 32 ನಿಮಿಷ ಬಂತು, ಎರಡು ಪದರಕ್ಕೆ 33, 35, 32 ಬಂತು ಅಂತಿಟ್ಟುಕೊಳ್ಳಿ. ಸರಾಸರಿ ಸುಮಾರು 32.3 ಮತ್ತು 33.3. ಎರಡನೆಯದು ಮೇಲು ಅಂತ ಬರೆಯಲು ಕೈ ತುರಿಸುತ್ತದೆ. ಆದರೆ ಒಂದೇ ಬಗೆಯೊಳಗೆ 3 ನಿಮಿಷದ ಏರುಪೇರು ಇರುವಾಗ ಎರಡು ಬಗೆಗಳ ನಡುವಿನ 1 ನಿಮಿಷದ ವ್ಯತ್ಯಾಸಕ್ಕೆ ತೂಕ ಇಲ್ಲ. ‘ಈ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ’ ಅಂತ ಬರೆಯಿರಿ. ಅದೂ ಒಂದು ಫಲಿತಾಂಶವೇ. ಯಾವುದೋ ಅಂಕಿ ಮಿಕ್ಕವಕ್ಕಿಂತ ತುಂಬಾ ದೂರ ಬಂದರೆ ಅಳಿಸಬೇಡಿ. ಪಕ್ಕದಲ್ಲಿ ಗುರುತು ಮಾಡಿ, ಕಾರಣ ಗೊತ್ತಿದ್ದರೆ ಬರೆಯಿರಿ, ಇನ್ನೊಮ್ಮೆ ಅಳೆಯಿರಿ.

ಗ್ರಾಫ್ ಏನು ಹೇಳುತ್ತದೆ

ಅಡ್ಡಕ್ಕೆ ಸಮಯ, ಉದ್ದಕ್ಕೆ ತಾಪಮಾನ. ಗೆರೆ ನೇರವಾಗಿ ಇಳಿಯುವುದಿಲ್ಲ. ಮೊದಲು ಕಡಿದಾಗಿ ಇಳಿದು, ಬರಬರುತ್ತಾ ಮಟ್ಟಸವಾಗುತ್ತದೆ. ನೀರಿಗೂ ಕೋಣೆಗೂ ತಾಪಮಾನದ ಅಂತರ ಜಾಸ್ತಿ ಇದ್ದಷ್ಟೂ ನೀರು ಬೇಗ ತಣಿಯುತ್ತದೆ, ಅಂತರ ಕುಗ್ಗಿದಂತೆ ವೇಗವೂ ಕುಗ್ಗುತ್ತದೆ. ನ್ಯೂಟನ್ 1701ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಲೇಖನದಲ್ಲಿ ಈ ವಿಚಾರ ಇದೆ.

ಪರೀಕ್ಷಿಸಲು ಲಾಗರಿದಂ ಬೇಕಿಲ್ಲ. ಕೋಣೆ 25 ಡಿಗ್ರಿ, ನೀರು 75 ಡಿಗ್ರಿ ಇದ್ದರೆ ಅಂತರ 50. ಅದು ಅರ್ಧಕ್ಕೆ, ಅಂದರೆ 25ಕ್ಕೆ ಇಳಿಯುವುದು ನೀರು 50 ಡಿಗ್ರಿಗೆ ಬಂದಾಗ. ಅದಕ್ಕೆ 40 ನಿಮಿಷ ಹಿಡಿಯಿತು ಅಂದುಕೊಳ್ಳಿ. ನ್ಯೂಟನ್ನನ ನಿಯಮ ಸರಿಯಾಗಿ ಕೂತರೆ ಇನ್ನೂ 40 ನಿಮಿಷಕ್ಕೆ ಅಂತರ ಮತ್ತೆ ಅರ್ಧವಾಗಿ ನೀರು 37.5 ಡಿಗ್ರಿಗೆ ಬರಬೇಕು. ನಿಮ್ಮ ಪಟ್ಟಿಯಲ್ಲಿ ಹಾಗಿದೆಯೇ ನೋಡಿ. ಮುಚ್ಚಿದ ಲೋಟದಲ್ಲಿ ಸುಮಾರಾಗಿ ಹೊಂದುತ್ತದೆ. ತೆರೆದ ಲೋಟದಲ್ಲಿ ಹೊಂದುವುದಿಲ್ಲ. ಬಿಸಿ ಜಾಸ್ತಿ ಇರುವಾಗ ನಿಯಮ ಹೇಳುವುದಕ್ಕಿಂತಲೂ ಬೇಗ ತಣಿಯುತ್ತದೆ.

ಆವಿಯ ಲೆಕ್ಕ

ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಉತ್ತರ ತಕ್ಕಡಿಯಲ್ಲಿದೆ. 1 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೂಗುವ ಡಿಜಿಟಲ್ ತಕ್ಕಡಿ ಇದ್ದರೆ ತೆರೆದ ಲೋಟವನ್ನು ಅದರ ಮೇಲಿಟ್ಟೇ ಅಳೆಯಿರಿ. ತಕ್ಕಡಿಗೆ ಬಿಸಿ ತಾಗದಂತೆ ಕೆಳಗೆ ದಪ್ಪ ರಟ್ಟು ಹಾಕಿ. ತೂಕ ನೋಡುವಾಗ ಥರ್ಮಾಮೀಟರ್ ಹೊರಗಿರಲಿ, ಅದರ ತುದಿಯ ಹನಿಯನ್ನು ಲೋಟಕ್ಕೇ ತಟ್ಟಿ.

200 ಗ್ರಾಂ ನೀರು 75ರಿಂದ 65 ಡಿಗ್ರಿಗೆ ಇಳಿಯುವಷ್ಟರಲ್ಲಿ 2 ಗ್ರಾಂ ಕಡಿಮೆಯಾಗಿದೆ ಅಂತಿಟ್ಟುಕೊಳ್ಳಿ. 1 ಗ್ರಾಂ ನೀರು 1 ಡಿಗ್ರಿ ತಣಿದರೆ ಸುಮಾರು 4.2 ಜೂಲ್ ಶಾಖ ಹೊರಗೆ ಹೋಗುತ್ತದೆ. ಅಂದರೆ ಹೋದ ಒಟ್ಟು ಶಾಖ 200 × 10 × 4.2, ಸುಮಾರು 8,400 ಜೂಲ್. ಈ ಬಿಸಿಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಬೇಕು. 2 ಗ್ರಾಮಿಗೆ 4,600. ಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವನ್ನು ಹೊತ್ತುಕೊಂಡು ಹೋದದ್ದು ಬರೀ ಆ 2 ಗ್ರಾಂ ಆವಿ! ನಿಮ್ಮ ಲೋಟದ ಅಗಲ, ಕೋಣೆಯ ಗಾಳಿ ನೋಡಿಕೊಂಡು ಅಂಕಿ ಬದಲಾಗುತ್ತದೆ. ನೀವೇ ತೂಗಿ ಲೆಕ್ಕ ಹಾಕಿ.

ಇದನ್ನು ಕಂಡ ಮೇಲೆ ನಾಲ್ಕು ಲೋಟಗಳ ಪ್ರಯೋಗವನ್ನು ಮಾಡಲೇಬೇಕು. ಒಂದು ಹಾಗೆಯೇ, ಒಂದಕ್ಕೆ ಬಟ್ಟೆ ಮಾತ್ರ, ಒಂದಕ್ಕೆ ಮುಚ್ಚಳ ಮಾತ್ರ, ಒಂದಕ್ಕೆ ಎರಡೂ. ತೆರೆದ ಲೋಟಕ್ಕೆ ಬಟ್ಟೆ ಸುತ್ತಿದಾಗ ಸಿಗುವ ಲಾಭಕ್ಕೂ ಮುಚ್ಚಿದ ಲೋಟಕ್ಕೆ ಅದೇ ಬಟ್ಟೆ ಸುತ್ತಿದಾಗ ಸಿಗುವ ಲಾಭಕ್ಕೂ ಎಷ್ಟು ಪಟ್ಟು ವ್ಯತ್ಯಾಸ ಅಂತ ನೋಡಿ. ಬಟ್ಟೆ ತಡೆಯುವ ಶಾಖ ಎರಡರಲ್ಲೂ ಸುಮಾರಾಗಿ ಅಷ್ಟೇ. ಆದರೆ ಎರಡು ತೂತಿರುವ ಕೊಡದಲ್ಲಿ ದೊಡ್ಡ ತೂತು ತೆರೆದೇ ಇದ್ದರೆ, ಚಿಕ್ಕದನ್ನು ಮುಚ್ಚಿ ಆಗುವ ಪ್ರಯೋಜನ ಕಣ್ಣಿಗೆ ಬೀಳುವುದಿಲ್ಲ. ಮುಚ್ಚಳ ಹಾಕದೆ ಬಟ್ಟೆಯನ್ನಷ್ಟೇ ಪರೀಕ್ಷಿಸಿದವರು ‘ಬಟ್ಟೆಯಿಂದ ಅಂಥ ಲಾಭವಿಲ್ಲ’ ಅಂತ ಬರೆಯುತ್ತಾರೆ. ಅಳತೆ ಸರಿಯಾಗಿಯೇ ಇರುತ್ತದೆ, ತೀರ್ಮಾನ ಮಾತ್ರ ಎಡವುತ್ತದೆ.

ಮುಂದಿನ ಪ್ರಯೋಗ: ಹೊರಮೈಯ ಬಣ್ಣ

ಬಟ್ಟೆಯದು ಮುಗಿದ ಮೇಲೆ ವಿಕಿರಣಕ್ಕೆ ಕೈ ಹಾಕಿ. ಒಂದೇ ಬಗೆಯ ಮೂರು ಹೊಳೆಯುವ ಡಬ್ಬಿಗಳು. ಒಂದನ್ನು ಹಾಗೆಯೇ ಬಿಡಿ, ಒಂದರ ಹೊರಮೈಗೆ ಕಪ್ಪು ಪೇಂಟ್, ಒಂದಕ್ಕೆ ಬಿಳಿ ಪೇಂಟ್. ಪೇಂಟ್ ಪೂರ್ತಿ ಒಣಗಿರಲಿ. ಮೂರಕ್ಕೂ ಮುಚ್ಚಳ ಹಾಕಿ, ನೆರಳಿನಲ್ಲಿಟ್ಟು, ಮೇಲಿನ ಕ್ರಮದಲ್ಲೇ ಅಳೆಯಿರಿ. ಜಾನ್ ಲೆಸ್ಲಿ 1804ರಲ್ಲಿ ಬಿಸಿನೀರು ತುಂಬಿದ ಲೋಹದ ಘನವನ್ನು ಇಟ್ಟುಕೊಂಡು, ಅದರ ಬೇರೆ ಬೇರೆ ಮೈಗಳಿಂದ ಶಾಖ ಬೇರೆ ಬೇರೆ ಪ್ರಮಾಣದಲ್ಲಿ ಹೊಮ್ಮುತ್ತದೆ ಅಂತ ತೋರಿಸಿದ್ದ.

ಬಿಳಿ ಡಬ್ಬಿ ನಿಧಾನವಾಗಿ ತಣಿಯುತ್ತದೆ ಅನ್ನುವುದು ಹೆಚ್ಚಿನವರ ಊಹೆ. ಆದರೆ ಬಿಳಿಯದು, ಕಪ್ಪಿನದು ಹೆಚ್ಚುಕಡಿಮೆ ಒಟ್ಟಿಗೇ ತಣಿಯುತ್ತವೆ. ಹಿಂದೆ ಉಳಿಯುವುದು ಪೇಂಟ್ ಇಲ್ಲದ ಹೊಳೆಯುವ ಡಬ್ಬಿ. ಬಿಳಿ ಪೇಂಟ್ ಬಿಸಿಲಿನ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ನಿಜ. ಆದರೆ ಬಿಸಿ ಡಬ್ಬಿ ಹೊಮ್ಮಿಸುವ ಅವಕೆಂಪಿನಲ್ಲಿ ಬಿಳಿ ಪೇಂಟಿಗೂ ಕಪ್ಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇದೇ ಮೂರು ಡಬ್ಬಿಗೆ ತಣ್ಣೀರು ತುಂಬಿ ಬಿಸಿಲಿಗಿಟ್ಟರೆ ಬಿಳಿ, ಕಪ್ಪು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಎರಡನ್ನೂ ಮಾಡಿ, ಎರಡು ಗ್ರಾಫನ್ನೂ ಪಕ್ಕಪಕ್ಕ ಅಂಟಿಸಿ.

ಇಲ್ಲಿ ದೂರದಿಂದ ತೋರಿಸಿ ಅಳೆಯುವ ಅವಕೆಂಪು ಥರ್ಮಾಮೀಟರ್ ಬಳಸಬೇಕೆಂದಿದ್ದರೆ ಒಂದು ಎಚ್ಚರಿಕೆ. ಅದು ಮೈಯಿಂದ ಹೊಮ್ಮುವ ಕಿರಣವನ್ನೇ ನೋಡಿ ತಾಪಮಾನ ಹೇಳುತ್ತದೆ. ಹೊಳೆಯುವ ಲೋಹ ಕಿರಣ ಹೊಮ್ಮಿಸುವುದೇ ಕಡಿಮೆ, ಹಾಗಾಗಿ ಡಬ್ಬಿ ಕುದಿಯುವಷ್ಟು ಬಿಸಿಯಿದ್ದರೂ ಅದು ತೀರಾ ಕಡಿಮೆ ಅಂಕಿ ತೋರಿಸಬಹುದು. ಆ ಅಂಕಿ ನಂಬಿ ಡಬ್ಬಿ ಮುಟ್ಟಬೇಡಿ. ಹೊಳೆಯುವ ಮೈಗೆ ಕಪ್ಪು ಇನ್ಸುಲೇಶನ್ ಟೇಪಿನ ಸಣ್ಣ ಚೂರು ಅಂಟಿಸಿ, ಆ ಚೂರಿನ ಮೇಲೆ ಗುರಿಯಿಟ್ಟು ಓದಿ. ಮೂರು ಡಬ್ಬಿಗೂ ಅದೇ ಅಳತೆಯ ಚೂರು, ಅದೇ ಎತ್ತರದಲ್ಲಿ ಅಂಟಿಸಿ. ಒಳಗಿನ ನೀರಿನ ತಾಪಮಾನವನ್ನು ಕಡ್ಡಿ ಥರ್ಮಾಮೀಟರಿನಿಂದಲೂ ಅಳೆದು ಪಕ್ಕದಲ್ಲಿ ಬರೆಯಿರಿ.